ಅರೆತಲೆನೋವು: ಬಂದ ಗಳಿಗೆಯ ಆರೈಕೆ, ಬಾರದ ದಿನಗಳ ಎಚ್ಚರ

ತಲೆನೋವೆಲ್ಲ ಅರೆತಲೆನೋವಲ್ಲ, ಆದ್ದರಿಂದ ಮನೆಮದ್ದಿಗೆ ಕೈಹಾಕುವ ಮುನ್ನ ತಮಗೆ ಬರುತ್ತಿರುವುದು ಯಾವ ನೋವು ಎಂಬುದನ್ನು ಗುರುತಿಸಿಕೊಳ್ಳಬೇಕು. ತಲೆಯ ಸುತ್ತ ಪಟ್ಟಿ ಬಿಗಿದಂತೆ ಎರಡೂ ಕಡೆ ಒತ್ತುವ, ನಾಲ್ಕು ಹೆಜ್ಜೆ ಓಡಾಡಿದರೆ ಮರೆತುಹೋಗುವ ಸಾಮಾನ್ಯ ತಲೆನೋವು ಬೇರೆ. ಅರೆತಲೆನೋವು, ಅಂದರೆ ವೈದ್ಯರು ಮೈಗ್ರೇನ್ ಎಂದು ಕರೆಯುವ ಕಾಯಿಲೆ, ಹೆಚ್ಚಿನವರಲ್ಲಿ ತಲೆಯ ಒಂದೇ ಪಕ್ಕದಲ್ಲಿ ನಾಡಿ ಮಿಡಿದಂತೆ ಮಿಡಿಯುತ್ತದೆ. ಮೆಟ್ಟಿಲು ಹತ್ತಿದರೆ, ಬಗ್ಗಿ ಕಸ ಗುಡಿಸಿದರೆ ಹೆಚ್ಚುತ್ತದೆ. ಹೊಟ್ಟೆ ತೊಳಸುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗದಂತಾಗುತ್ತದೆ. ಏನೂ ಮಾಡದೆ ಬಿಟ್ಟರೆ 4 ಗಂಟೆಗಳಿಂದ 72 ಗಂಟೆಗಳವರೆಗೆ ಉಳಿಯುತ್ತದೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಮಿಂಚಿನ ಗೆರೆಗಳು ಕಾಣಿಸಿಕೊಳ್ಳುತ್ತವೆ ಅಥವಾ ನೋಟದ ಒಂದು ಭಾಗ ಮಸುಕಾಗುತ್ತದೆ. ಇದನ್ನು ಔರಾ ಎನ್ನುತ್ತಾರೆ. ಅದು ನಿಧಾನವಾಗಿ ಹರಡಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮರೆಯಾಗುತ್ತದೆ. ಹೆಸರಿನಲ್ಲಿ ‘ಅರೆ’ ಇದ್ದರೂ ನೋವು ಎರಡೂ ಕಡೆ ಬರುವುದುಂಟು, ಮಕ್ಕಳಲ್ಲಂತೂ ಅದೇ ಹೆಚ್ಚು.

ನಮ್ಮ ಕಡೆ ಈ ನೋವಿಗೆ ಇನ್ನೊಂದು ಹೆಸರಿದೆ: ಪಿತ್ತ. ‘ಪಿತ್ತ ಕೆರಳಿದೆ, ಒಂದು ಸಲ ವಾಂತಿಯಾದರೆ ಸರಿಹೋಗುತ್ತದೆ’ ಎಂಬ ಮಾತು ಕೇಳದ ಮನೆ ಕಡಿಮೆ. ವಾಂತಿಯಾದ ಮೇಲೆ ನೋವು ಇಳಿಯುವುದು ಅನೇಕರ ಅನುಭವವಾದ್ದರಿಂದ ಆ ಮಾತು ಹುಟ್ಟಿಕೊಂಡಿರಬೇಕು. ಆದರೆ ತೊಂದರೆಯ ಮೂಲ ಹೊಟ್ಟೆಯಲ್ಲಿಲ್ಲ. ಮಿದುಳಿನಲ್ಲಿ ಹಾಗೂ ಮುಖ, ತಲೆಗಳ ಸ್ಪರ್ಶ ಮತ್ತು ನೋವನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರದಲ್ಲಿ ಆರಂಭವಾದ ಕೆರಳಿಕೆಯ ಜೊತೆಯಲ್ಲಿ ಜಠರದ ಚಲನೆಯೂ ನಿಧಾನವಾಗುತ್ತದೆ, ತಿಂದದ್ದು ಅಲ್ಲೇ ನಿಲ್ಲುತ್ತದೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡರೆ ಮೈಯ ನೀರು ಮತ್ತು ಉಪ್ಪು ಹೋಗಿ ಸುಸ್ತು ಹೆಚ್ಚುತ್ತದೆಯೇ ಹೊರತು ಕಾಯಿಲೆ ಹೊರಹೋಗುವುದಿಲ್ಲ. ಜಠರ ಹೀಗೆ ಮಂದವಾಗುವುದರಿಂದ, ನೋವು ಬಲಿತ ಮೇಲೆ ಕುಡಿದ ಕಷಾಯವಾಗಲಿ ನುಂಗಿದ ಮಾತ್ರೆಯಾಗಲಿ ಬೇಗನೆ ರಕ್ತ ಸೇರಲಾರದು ಎಂಬುದನ್ನು ಮಾತ್ರ ನೆನಪಿಡಬೇಕು. ಮನೆಯಲ್ಲಿ ಏನು ಮಾಡಿದರೂ ಮೊದಲ ಅರ್ಧ ಗಂಟೆಯಲ್ಲಿ ಮಾಡಿದರೆ ಅದಕ್ಕೆ ಫಲವಿದೆ.

ಈ ಕಾಯಿಲೆ ಅಪರೂಪದ್ದೇನಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ವಯಸ್ಕರಲ್ಲಿ ಶೇಕಡಾ 25ರಷ್ಟು ಜನರಿಗೆ ಹಿಂದಿನ ಒಂದು ವರ್ಷದಲ್ಲಿ ಅರೆತಲೆನೋವು ಬಂದಿದ್ದುದು ಕಂಡುಬಂತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಯವರಿಗಿಂತ ಹಳ್ಳಿಯವರಲ್ಲಿ ಹೆಚ್ಚು. ಇದು ಪೇಟೆಯ, ಕಂಪ್ಯೂಟರಿನ, ಕಚೇರಿಯ ಕಾಯಿಲೆ ಎಂದು ನಂಬಿದವರು ಇದನ್ನೊಮ್ಮೆ ಗಮನಿಸಬೇಕು.

ಅರೆತಲೆನೋವಿನ ಒಲವು ಬಹುಮಟ್ಟಿಗೆ ವಂಶದಿಂದ ಬರುತ್ತದೆ. ಅದನ್ನು ಮನೆಮದ್ದಿನಿಂದ ಬೇರುಸಹಿತ ಕೀಳಲಾಗದು. ಸಾಧ್ಯವಿರುವುದು ಎರಡು: ಬಂದ ನೋವನ್ನು ಬೇಗ ತಣಿಸುವುದು, ಬರುವ ಸಲಗಳನ್ನು ಕಡಿಮೆ ಮಾಡುವುದು. ಈ ಎರಡರಲ್ಲಿಯೂ ನೆರವಾಗುವುದು ಯಾವುದೋ ಅಪರೂಪದ ಬೇರಿಗಿಂತ ಹೆಚ್ಚಾಗಿ ದಿನಚರಿಯ ಕ್ರಮ. ಅರೆತಲೆನೋವಿರುವವರ ಮಿದುಳು ಬದಲಾವಣೆಯನ್ನು ಸಹಿಸದು: ನಿದ್ದೆ ಕಡಿಮೆಯಾದರೂ ತಕರಾರು, ಹೆಚ್ಚಾದರೂ ತಕರಾರು, ಊಟ ತಡವಾದರೆ, ಕಾಫಿ ತಪ್ಪಿದರೆ, ಬಿಸಿಲೇರಿದರೆ, ವಾರವಿಡೀ ಇದ್ದ ಒತ್ತಡ ಶನಿವಾರ ಥಟ್ಟನೆ ಇಳಿದರೆ ಕೂಡ ತಕರಾರು.

ನೋವು ಕಾಲಿಡುವ ಮುನ್ನ

ಎಷ್ಟೋ ಜನರಲ್ಲಿ ನೋವು ಶುರುವಾಗುವ ಕೆಲವು ಗಂಟೆಗಳ ಮೊದಲೇ, ಕೆಲವೊಮ್ಮೆ ಹಿಂದಿನ ದಿನವೇ, ಸೂಚನೆಗಳು ಕಾಣುತ್ತವೆ. ಕಾರಣವಿಲ್ಲದೆ ಮತ್ತೆ ಮತ್ತೆ ಆಕಳಿಕೆ, ಕುತ್ತಿಗೆಯ ಹಿಂಭಾಗದ ಬಿಗಿತ, ಪದೇಪದೇ ಮೂತ್ರಕ್ಕೆ ಹೋಗುವುದು, ಸಣ್ಣ ಮಾತಿಗೂ ಸಿಡುಕುವುದು, ಸಿಹಿ ತಿನ್ನಬೇಕೆಂಬ ಬಯಕೆ ಇವು ಸಾಮಾನ್ಯವಾದವು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ಚಾಕೊಲೇಟ್ ತಿಂದೆ, ಮರುದಿನ ತಲೆನೋವು ಬಂತು, ಆದ್ದರಿಂದ ಚಾಕೊಲೇಟೇ ಕಾರಣ ಎಂದು ಹಲವರು ತೀರ್ಮಾನಿಸುತ್ತಾರೆ. ಅಷ್ಟು ಹೊತ್ತಿಗೆ ಒಳಗೆ ಅರೆತಲೆನೋವು ಆರಂಭವಾಗಿಯೇ ಇದ್ದು, ಸಿಹಿಯ ಆಸೆಯೇ ಅದರ ಮೊದಲ ಲಕ್ಷಣವಾಗಿದ್ದಿರಬಹುದು. ಕುತ್ತಿಗೆಯ ಬಿಗಿತಕ್ಕೂ ಇದೇ ಮಾತು ಸಲ್ಲುತ್ತದೆ: ದಿಂಬು ಸರಿಯಿಲ್ಲವೆಂದು ದಿಂಬಿನ ಮೇಲೆ ದಿಂಬು ಬದಲಾಯಿಸುವವರು ಅದು ನೋವಿನ ಮುನ್ಸೂಚನೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಸೂಚನೆ ಗುರುತಿಸಿದ ದಿನ ಊಟವನ್ನು ಮುಂದೂಡಬಾರದು, ನೀರು ಕುಡಿಯುವುದನ್ನು ಮರೆಯಬಾರದು, ರಾತ್ರಿ ಪ್ರಯಾಣ, ನಿದ್ದೆಗೇಡು, ಮದುವೆಮನೆಯ ಧ್ವನಿವರ್ಧಕ ಇವುಗಳಿಂದ ಸಾಧ್ಯವಾದಷ್ಟು ದೂರವಿರಬೇಕು. ಬಂದೇ ಬರುವ ನೋವನ್ನು ಇದು ಪ್ರತಿಸಲವೂ ತಡೆಯದು. ತಡೆದ ಕೆಲವು ಸಲಗಳೇ ಲಾಭ.

ನೋವು ಬಂದಾಗ ಮಾಡಬೇಕಾದದ್ದು

ಮೊದಲು ಬೆಳಕು ಮತ್ತು ಸದ್ದನ್ನು ಕಳೆಯಬೇಕು. ಕಿಟಕಿಗೆ ದಪ್ಪ ಪರದೆ ಇಲ್ಲದಿದ್ದರೆ ಒಂದು ಕಂಬಳಿಯನ್ನು ಇಳಿಬಿಡಬಹುದು. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಬೇಕು, ಏಕೆಂದರೆ ಕತ್ತಲೆಯಲ್ಲಿ ಮಲಗಿ ಮೊಬೈಲ್ ನೋಡುವವರಿಗೆ ಕತ್ತಲೆಯಿಂದ ಯಾವ ಪ್ರಯೋಜನವೂ ಇಲ್ಲ. ತಲೆಯನ್ನು ಸ್ವಲ್ಪ ಎತ್ತರದಲ್ಲಿಟ್ಟು ಒರಗಿದರೆ ಹಲವರಿಗೆ ಹಾಯೆನಿಸುತ್ತದೆ. ಬಿಗಿಯಾದ ಜಡೆ, ತುರುಬು, ತಲೆಗೆ ಒತ್ತುವ ಹೇರ್‌ಬ್ಯಾಂಡ್ ಇವನ್ನು ಬಿಚ್ಚಬೇಕು. ಅರೆತಲೆನೋವಿನ ಹೊತ್ತಿನಲ್ಲಿ ಕೂದಲು ಬಾಚಿದರೂ ನೋಯುವಷ್ಟು ನೆತ್ತಿಯ ಚರ್ಮ ಸೂಕ್ಷ್ಮವಾಗುವುದುಂಟು.

ತಂಪು ಈ ನೋವಿಗೆ ಬಲು ಹಳೆಯ, ಇಂದಿಗೂ ನಂಬತಕ್ಕ ಉಪಾಯ. ಮಂಜುಗಡ್ಡೆಯ ತುಂಡುಗಳನ್ನು ತೆಳುವಾದ ಟವೆಲ್ಲಿನಲ್ಲಿ ಸುತ್ತಿ, ನೋಯುವ ಕಡೆಯ ಕಪೋಲದ ಮೇಲ್ಭಾಗ, ಹಣೆ ಮತ್ತು ಕುತ್ತಿಗೆಯ ಇಕ್ಕೆಲಗಳಲ್ಲಿ 15 ರಿಂದ 20 ನಿಮಿಷ ಇಡಬೇಕು. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಗಡಿಗೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷಕ್ಕೊಮ್ಮೆ ಬದಲಾಯಿಸುತ್ತಿದ್ದರೆ ಸಾಕು. ತಲೆಗೆ ತಂಪು ಇಟ್ಟಿರುವಾಗಲೇ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಡುವುದು ಪ್ರಕೃತಿ ಚಿಕಿತ್ಸೆಯವರ ಪದ್ಧತಿ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂದಿನ ಔಷಧಿಯ ಜೊತೆಗೆ 45 ದಿನ, ದಿನಕ್ಕೆ 20 ನಿಮಿಷ ಕೈಕಾಲುಗಳನ್ನು ಬಿಸಿನೀರಿನಲ್ಲಿಟ್ಟು ತಲೆಗೆ ಮಂಜುಗಡ್ಡೆ ಉಜ್ಜಿಸಿಕೊಂಡವರಲ್ಲಿ ನೋವಿನ ತೀವ್ರತೆ ಮತ್ತು ಅದು ಬರುವ ಸಲಗಳು ಎರಡೂ ಕಡಿಮೆಯಾದವು. ಅದು 40 ಜನರ ಸಣ್ಣ ಅಧ್ಯಯನ; ಆದರೂ ಖರ್ಚಿಲ್ಲದ, ಅಪಾಯ ಕಡಿಮೆಯ ಉಪಾಯವಾದ್ದರಿಂದ ಪ್ರಯತ್ನಿಸಬಹುದು. ನೀರು ಮೊಣಕೈಗೆ ಹಿತವಾದ ಬಿಸಿಯಷ್ಟೇ ಇರಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಕಾಲನ್ನು ಬಿಸಿನೀರಿಗೆ ಇಡಲೇಬಾರದು, ಸುಟ್ಟರೂ ಅವರಿಗೆ ಗೊತ್ತಾಗದು.

ಅಜ್ಜಿಯಂದಿರು ಹಳೆಯ ಹತ್ತಿ ಬಟ್ಟೆಯನ್ನು ಮಡಚಿ ಹಣೆಗೆ ಬಿಗಿದು ಕಟ್ಟಿಕೊಂಡು ಮಲಗುತ್ತಿದ್ದುದಕ್ಕೂ ಅರ್ಥವಿತ್ತು: ನೆತ್ತಿಯ ಚರ್ಮದ ಕೆಳಗೆ ಮಿಡಿಯುವ ರಕ್ತನಾಳಗಳ ಮೇಲೆ ಒತ್ತಡ ಬಿದ್ದರೆ ಕೆಲವರಿಗೆ ಆ ಮಿಡಿತದ ನೋವು ತಗ್ಗುತ್ತದೆ. ಹತ್ತು ಹದಿನೈದು ನಿಮಿಷ ಕಟ್ಟಿ ಸಡಿಲಿಸಬೇಕು.

ವಾಕರಿಕೆಗೆ ಶುಂಠಿಯೇ ಸೂಕ್ತ. ಒಂದು ಅಂಗುಲದಷ್ಟು ಹಸಿಶುಂಠಿಯನ್ನು ಜಜ್ಜಿ ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಬೇಕಿದ್ದರೆ ಚೂರು ಬೆಲ್ಲ ಬೆರೆಸಿ ಗುಟುಕು ಗುಟುಕಾಗಿ ಕುಡಿಯಬೇಕು. ಕುದಿಸುವಾಗ ಏಳುವ ವಾಸನೆ ಸಹಿಸಲಾಗದಿದ್ದರೆ ಕಾಲು ಚಮಚ ಒಣಶುಂಠಿ ಪುಡಿಯನ್ನು ಬೆಚ್ಚಗಿನ ನೀರಿಗೆ ಕದಡಿಕೊಂಡರೂ ಆಯಿತು. ಇರಾನಿನಲ್ಲಿ 100 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶುಂಠಿ ಪುಡಿಯು ಸುಮಾಟ್ರಿಪ್ಟಾನ್ ಎಂಬ ಅರೆತಲೆನೋವಿನ ಮಾತ್ರೆಗೆ ಸಮನಾಗಿ ನೋವು ಇಳಿಸಿತೆಂದು ವರದಿಯಾಗಿತ್ತು. ಒಂದು ಪ್ರಯೋಗವನ್ನು ನೆಚ್ಚಿ ಮಾತ್ರೆಯನ್ನು ಎಸೆಯಬೇಕಾಗಿಲ್ಲ, ಆದರೆ ವಾಕರಿಕೆಗೆ ಶುಂಠಿ ಒಳ್ಳೆಯದೆಂಬುದರಲ್ಲಿ ಹೆಚ್ಚು ವಿವಾದವಿಲ್ಲ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಶುಂಠಿಯನ್ನು ಔಷಧಿಯ ಪ್ರಮಾಣದಲ್ಲಿ ತೆಗೆದುಕೊಳ್ಳಬಾರದು. ವಾಕರಿಕೆ ಇಳಿದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ತೆಳ್ಳಗಿನ ಗಂಜಿ ಹಿತ. ಹಣೆಗೆ ತೇಯ್ದ ಶ್ರೀಗಂಧದ ಲೇಪ ಹಚ್ಚಿದರೆ ತಂಪೆನಿಸುತ್ತದೆ. ಶುಂಠಿಯನ್ನೋ ಲವಂಗವನ್ನೋ ತೇಯ್ದು ಹಚ್ಚಿಕೊಂಡವರಲ್ಲಿ ಚರ್ಮ ಸುಟ್ಟಂತಾಗಿ ಗುಳ್ಳೆ ಎದ್ದವರಿದ್ದಾರೆ, ಕಣ್ಣಿನ ಹತ್ತಿರವಂತೂ ಬೇಡವೇ ಬೇಡ. ಬಾಮುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಪುದೀನದ ಸತ್ವವಾದ ಮೆಂಥಾಲ್ ತಂಪು ಕೊಡುವುದು ನಿಜವಾದರೂ ಅರೆತಲೆನೋವಿನಲ್ಲಿ ಮೂಗು ಬಹಳ ಸೂಕ್ಷ್ಮವಾಗಿರುವುದರಿಂದ ಆ ಘಾಟೇ ಕೆಲವರಿಗೆ ವಾಂತಿ ತರಿಸುತ್ತದೆ. ಪಕ್ಕದ ಮನೆಯವರು ಪ್ರೀತಿಯಿಂದ ಅರ್ಧ ಡಬ್ಬಿ ಬಾಮ್ ಬಳಿದು ಹೋದ ಮೇಲೆ ಎದ್ದು ಮುಖ ತೊಳೆದುಕೊಂಡ ಅನುಭವ ಈ ಕಾಯಿಲೆಯಿರುವ ಅನೇಕರದು.

ಕಾಫಿ ಮಿತ್ರನೂ ಹೌದು, ಶತ್ರುವೂ ಹೌದು. ನೋವಿನ ಆರಂಭದಲ್ಲಿ ಕುಡಿದ ಒಂದು ಲೋಟ ಗಟ್ಟಿ ಕಾಫಿ ಕೆಲವರಿಗೆ ನೋವನ್ನು ತಗ್ಗಿಸುತ್ತದೆ, ನೋವಿನ ಮಾತ್ರೆಯ ಪರಿಣಾಮವನ್ನೂ ಹೆಚ್ಚಿಸುತ್ತದೆ; ಅನೇಕ ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಸೇರಿಸುವುದು ಇದಕ್ಕಾಗಿಯೇ. ಆದರೆ ಸಂಜೆಯ ನಂತರ ಕುಡಿದರೆ ನಿದ್ದೆ ಹೋಗುತ್ತದೆ, ನಿದ್ದೆಯೇ ಈ ನೋವಿನ ಬಹುದೊಡ್ಡ ಮದ್ದು. ಮಕ್ಕಳಲ್ಲಿ ಒಂದೆರಡು ಗಂಟೆ ಗಾಢವಾಗಿ ಮಲಗಿ ಎದ್ದರೆ ನೋವೇ ಮಾಯವಾಗಿರುವುದನ್ನು ಎಷ್ಟೋ ತಾಯಂದಿರು ಕಂಡಿದ್ದಾರೆ.

ಇನ್ನು ಮಾತ್ರೆಯ ಮಾತು. ಮನೆಮದ್ದನ್ನು ನೆಚ್ಚುವವರಲ್ಲಿ ಮಾತ್ರೆ ನುಂಗುವುದನ್ನು ಸೋಲೆಂದು ತಿಳಿದು, ಎರಡು ದಿನ ಸಹಿಸಿ, ಕೊನೆಗೆ ನೋವು ಮಿತಿಮೀರಿದಾಗ ನುಂಗುವವರಿದ್ದಾರೆ. ಆಗ ಅದು ಕೆಲಸ ಮಾಡದಿದ್ದರೆ ಮಾತ್ರೆಯ ತಪ್ಪಲ್ಲ. ವೈದ್ಯರು ಸೂಚಿಸಿದ ಮಾತ್ರೆಯಿದ್ದರೆ ಆರಂಭದಲ್ಲೇ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡು ಮೇಲಿನ ಆರೈಕೆಯನ್ನೂ ಮಾಡಬೇಕು. ಇದಕ್ಕೆ ವಿರುದ್ಧವಾದ ಅಪಾಯ ಇನ್ನೂ ದೊಡ್ಡದು. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಕೆಫೀನ್ ಬೆರೆಸಿದ ಸಂಯುಕ್ತ ಮಾತ್ರೆಗಳನ್ನೂ ಸುಮಾಟ್ರಿಪ್ಟಾನ್‌ನಂಥ ಟ್ರಿಪ್ಟಾನ್‌ಗಳನ್ನೂ ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಾ ಹೋದರೆ ಆ ಮಾತ್ರೆಯೇ ದಿನನಿತ್ಯದ ತಲೆನೋವಿಗೆ ಕಾರಣವಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ತಲೆನೋವಿನ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ರೂಢಿ ಮಾಡಿಕೊಂಡವರು ಈ ಬಲೆಯಲ್ಲಿ ಸಿಕ್ಕಿರುವುದೇ ಹೆಚ್ಚು. ವಾರಕ್ಕೆ ಎರಡು ದಿನ ಎಂಬ ಮಿತಿಯನ್ನು ಹಾಕಿಕೊಳ್ಳುವುದು ಕ್ಷೇಮ. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಗೋಡೆಯ ಕ್ಯಾಲೆಂಡರ್

ತಡೆಯುವ ಕೆಲಸ ಬರೆದಿಡುವುದರಿಂದ ಆರಂಭವಾಗಬೇಕು. ಇದಕ್ಕೆ ಹೊಸ ಪುಸ್ತಕವೂ ಬೇಡ, ಮೊಬೈಲ್ ಆ್ಯಪ್ ಕೂಡ ಬೇಡ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಇವನ್ನೆಲ್ಲ ಗುರುತು ಹಾಕುವ ಗೋಡೆಯ ಕ್ಯಾಲೆಂಡರ್ ಸಾಕು. ಅದರಲ್ಲಿ ಏಕಾದಶಿ, ಸಂಕಷ್ಟಿ, ಹಬ್ಬಗಳು ಮುಂಚೆಯೇ ಅಚ್ಚಾಗಿರುವುದೂ ಒಂದು ಅನುಕೂಲ. ನೋವು ಬಂದ ದಿನ, ಶುರುವಾದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ತಪ್ಪಿದ ಊಟ, ತಲೆಸ್ನಾನ, ಬಿಸಿಲು, ಮುಟ್ಟಿನ ದಿನಗಳು, ನುಂಗಿದ ಮಾತ್ರೆ ಇಷ್ಟನ್ನು ಎರಡೆರಡು ಅಕ್ಷರಗಳಲ್ಲಿ ಬರೆದರೆ ಮೂರು ತಿಂಗಳಲ್ಲಿ ಒಂದು ಚಿತ್ರ ಮೂಡುತ್ತದೆ. ನೋವಿಲ್ಲದ ದಿನಗಳ ನಿದ್ದೆಯನ್ನೂ ಊಟವನ್ನೂ ಆಗಾಗ ಬರೆಯಬೇಕು, ಇಲ್ಲದಿದ್ದರೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲ.

ಹೀಗೆ ಬರೆದವರಿಗೆ ಬೇಗನೆ ತಿಳಿಯುವ ವಿಷಯವೆಂದರೆ ಒಂದೇ ಕಾರಣಕ್ಕೆ ನೋವು ಬರುವುದು ಕಡಿಮೆ ಎಂಬುದು. ನಿದ್ದೆಗೆಟ್ಟ ದಿನ ಬಿಸಿಲಿಗೆ ಹೋದರೆ ಬರುತ್ತದೆ, ಚೆನ್ನಾಗಿ ಮಲಗಿದ ದಿನ ಅದೇ ಬಿಸಿಲಿಗೆ ಹೋದರೆ ಬರುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಸಣ್ಣ ಸಣ್ಣ ಪ್ರಚೋದನೆಗಳು ಸೇರಿ ಮಿತಿ ದಾಟಿದಾಗ ನೋವು ಹೊರಡುತ್ತದೆ. ಆದ್ದರಿಂದ ಕೈಯಲ್ಲಿಲ್ಲದ ಕಾರಣಗಳು ಕೂಡಿಬಂದ ದಿನ ಕೈಯಲ್ಲಿರುವ ಕಾರಣಗಳನ್ನಾದರೂ ತೆಗೆದುಹಾಕಬೇಕು. ಮುಟ್ಟು ಶುರುವಾಗುವ ಎರಡು ದಿನ ಮುಂಚಿನಿಂದ ಮೂರನೆಯ ದಿನದವರೆಗೆ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು ಇಳಿಯುವುದರಿಂದ ಹಲವು ಹೆಂಗಸರಲ್ಲಿ ನೋವು ಬರುವ ಸಂಭವ ಹೆಚ್ಚು. ಆ ದಿನಗಳಲ್ಲಿ ಉಪವಾಸ, ರಾತ್ರಿ ಬಸ್ಸಿನ ಪ್ರಯಾಣ ಇವನ್ನು ಇಟ್ಟುಕೊಳ್ಳದಿರುವುದೇ ಜಾಣತನ.

ತಲೆಸ್ನಾನ, ಉಪವಾಸ, ಬಿಸಿಲು, ಗಂಧ

ವಿದೇಶೀ ಕೈಪಿಡಿಗಳಲ್ಲಿ ಚೀಸ್, ಕೆಂಪು ವೈನ್ ಎಂದು ಪಟ್ಟಿ ಇರುತ್ತದೆ. ನಮ್ಮ ಮನೆಗಳ ಕಾರಣಗಳು ಬೇರೆ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು, ತಲೆಸ್ನಾನದಿಂದ ಅರೆತಲೆನೋವು ಬರುವ 94 ಭಾರತೀಯ ರೋಗಿಗಳನ್ನು ಕುರಿತು 2006ರಲ್ಲಿ ಬರೆದಾಗಲೇ ಅದು ವೈದ್ಯಲೋಕದ ಗಮನಕ್ಕೆ ಬಂತು; ನಮ್ಮ ಹೆಂಗಸರಿಗೆ ಅದು ಮೊದಲೇ ಗೊತ್ತಿತ್ತು. ಮಂಗಳವಾರ ಅಥವಾ ಶುಕ್ರವಾರದ ತಲೆಸ್ನಾನವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರಲ್ಲಿ ಎಷ್ಟು ಪ್ರಚೋದನೆಗಳು ಒಟ್ಟುಗೂಡಿವೆ ಎಂಬುದು ಕಾಣುತ್ತದೆ: ನಸುಕಿಗೆ ಎದ್ದು ನಿದ್ದೆ ಕಡಿಮೆಯಾಗಿರುತ್ತದೆ, ಪೂಜೆ ಮುಗಿಯುವವರೆಗೆ ಹೊಟ್ಟೆ ಖಾಲಿ, ಕೆಲವರಿಗೆ ಕಾಫಿಯೂ ಇಲ್ಲ, ಹಂಡೆಯ ಬಿಸಿನೀರು ಮತ್ತು ಒಲೆಯ ಹೊಗೆ, ಉದ್ದ ಕೂದಲು ಮಧ್ಯಾಹ್ನದವರೆಗೂ ಒದ್ದೆ, ಅದರ ಮೇಲೆ ಬಿಗಿದ ಟವೆಲ್ಲು ಅಥವಾ ತುರುಬು, ಆಮೇಲೆ ಸಾಂಬ್ರಾಣಿ ಮತ್ತು ಊದುಬತ್ತಿ. ತಲೆಸ್ನಾನವನ್ನು ಬಿಡುವುದು ಯಾರಿಗೂ ಸಾಧ್ಯವಿಲ್ಲ, ಬಿಡಬೇಕಾಗಿಯೂ ಇಲ್ಲ. ಸ್ನಾನಕ್ಕೆ ಮುನ್ನ ಬಾಳೆಹಣ್ಣನ್ನೋ ಒಂದು ಲೋಟ ಹಾಲನ್ನೋ ಸೇವಿಸಬೇಕು, ಉಗುರುಬೆಚ್ಚಗಿನ ನೀರನ್ನು ಬಳಸಬೇಕು, ಕೂದಲನ್ನು ಕಟ್ಟದೆ ಬೇಗ ಒಣಗಿಸಬೇಕು, ಘಾಟಿನ ಶಾಂಪೂ ಬಿಡಬೇಕು, ಮುಟ್ಟಿನ ಅಥವಾ ನಿದ್ದೆಗೆಟ್ಟ ದಿನ ಮುಂದೂಡಬೇಕು. ಇಷ್ಟು ಮಾಡಿದ ಮೇಲೂ ನೋವು ಬರುವವರು ಹೊತ್ತನ್ನು ಸಂಜೆಗೆ ಬದಲಾಯಿಸಿ ನೋಡಬಹುದು.

ಉಪವಾಸದ ದಿನದ ತಲೆನೋವಿನಲ್ಲಿ ಹಸಿವಿನ ಪಾಲೂ ಇದೆ, ನಿಂತುಹೋದ ಕಾಫಿಯ ಪಾಲೂ ಇದೆ. ದಿನವೂ ಮೂರು ನಾಲ್ಕು ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12 ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುವುದು ಸಾಮಾನ್ಯ. ಭಾನುವಾರ ಒಂಬತ್ತಕ್ಕೆ ಏಳುವವರ ತಲೆನೋವಿನಲ್ಲಿಯೂ ಹೆಚ್ಚಾದ ನಿದ್ದೆಯ ಜೊತೆ ಈ ತಡವಾದ ಕಾಫಿಯೇ ಸೇರಿರುತ್ತದೆ. ದಿನಕ್ಕೆ ಎರಡು ಕಾಫಿಗೆ ಮಿತಿಗೊಳಿಸಿ, ದಿನವೂ ಅದೇ ಹೊತ್ತಿಗೆ ಕುಡಿಯುವುದು ಒಳ್ಳೆಯದು; ಕಡಿಮೆ ಮಾಡುವವರು ವಾರಕ್ಕೆ ಅರ್ಧ ಲೋಟದಂತೆ ಇಳಿಸಬೇಕು, ಹೋಟೆಲಿನಲ್ಲಾದರೆ ಬೈಟೂ ಎಂಬ ಸುಲಭದ ದಾರಿ ಇದ್ದೇ ಇದೆ. ವ್ರತವನ್ನು ಬಿಡಲೊಲ್ಲದವರು ನಿರಾಹಾರದ ಬದಲು ಹಣ್ಣು, ಹಾಲು, ಅವಲಕ್ಕಿಯ ಫಲಾಹಾರವನ್ನು ಆರಿಸಿಕೊಳ್ಳಬಹುದು. ರಂಜಾನ್ ಉಪವಾಸ ಮಾಡುವವರು ಸಹರಿಯ ಊಟ ಮತ್ತು ನೀರನ್ನು ತಪ್ಪಿಸದೆ, ತಿಂಗಳು ಆರಂಭವಾಗುವ ಎರಡು ವಾರ ಮುಂಚಿನಿಂದಲೇ ಹಗಲಿನ ಚಹಾ ಕಾಫಿಯನ್ನು ಇಳಿಸುತ್ತಾ ಬಂದರೆ ಮೊದಲ ದಿನಗಳ ನೋವು ಕಡಿಮೆಯಾಗುತ್ತದೆ.

ಸೂರ್ಯನೊಂದಿಗೆ ಏರಿ ಸೂರ್ಯನೊಂದಿಗೆ ಇಳಿಯುವ ತಲೆನೋವಿಗೆ ಆಯುರ್ವೇದ ಸೂರ್ಯಾವರ್ತವೆಂದು ಹೆಸರಿಟ್ಟಿದೆ. ಅರೆತಲೆನೋವಿಗೆ ಅಲ್ಲಿನ ಹೆಸರು ಅರ್ಧಾವಭೇದಕ. ಕಲಬುರಗಿ, ರಾಯಚೂರು, ಬಳ್ಳಾರಿಗಳ ಮೇ ತಿಂಗಳಿನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗಿನ ಕೆಲಸ ತಪ್ಪಿಸಲಾಗದವರಿಗೆ ಛತ್ರಿಯಾಗಲಿ, ಒದ್ದೆ ಮಾಡಿ ಸುತ್ತಿದ ರುಮಾಲಾಗಲಿ ಅಲಂಕಾರವಲ್ಲ, ಔಷಧಿ. ಹೊರಗೆ ಕಪ್ಪು ಕನ್ನಡಕ ಹಾಕಿಕೊಳ್ಳಬಹುದು. ಮನೆಯೊಳಗೂ ಹಾಕಿಕೊಂಡಿರುವ ಅಭ್ಯಾಸವಾದರೆ ಕಣ್ಣು ಕತ್ತಲೆಗೆ ಒಗ್ಗಿ, ಬೆಳಕಿನ ಅಸಹನೆ ಇನ್ನಷ್ಟು ಹೆಚ್ಚುತ್ತದೆ. ಗಂಧದ ವಿಷಯವೂ ಹೀಗೆಯೇ: ಊದುಬತ್ತಿ, ಅತ್ತರು, ಒಗ್ಗರಣೆಯ ಘಾಟು, ಪೆಟ್ರೋಲು, ಮುಡಿ ತುಂಬ ಮುಡಿದ ಸಂಪಿಗೆ ಇವುಗಳಲ್ಲಿ ಯಾವುದು ತನಗೆ ಆಗದು ಎಂಬುದನ್ನು ಕ್ಯಾಲೆಂಡರ್ ನೋಡಿ ತಿಳಿದುಕೊಂಡು, ಅದೊಂದನ್ನು ಮಾತ್ರ ದೂರವಿಟ್ಟರೆ ಸಾಕು. ಎಲ್ಲವನ್ನೂ ಬಿಟ್ಟು ಬದುಕುವ ಭಯವೇ ಒಂದು ಒತ್ತಡವಾಗಬಾರದು. ಆಹಾರದಲ್ಲಿಯೂ ಅಷ್ಟೇ, ಗೋಬಿ ಮಂಚೂರಿಯ ಅಜಿನೊಮೊಟೊ, ಹುಳಿ ಮೊಸರು, ಮದ್ಯ ಇವುಗಳಲ್ಲಿ ಮದ್ಯವನ್ನು ಬಿಟ್ಟು ಉಳಿದವುಗಳ ಮೇಲಿನ ಆರೋಪಕ್ಕೆ ಆಧಾರ ದುರ್ಬಲ.

ತಡೆಗೆ ನೆರವಾಗುವ ಅಭ್ಯಾಸಗಳು

ಎಲ್ಲಕ್ಕಿಂತ ಮೊದಲು ನಿದ್ದೆ. ರಜೆಯ ದಿನವೂ ಸೇರಿದಂತೆ ಮಲಗುವ ಮತ್ತು ಏಳುವ ಹೊತ್ತನ್ನು ಒಂದು ಗಂಟೆಗಿಂತ ಹೆಚ್ಚು ಬದಲಾಯಿಸಬಾರದು, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸಬೇಕು. ಗೊರಕೆ ಹೊಡೆಯುವವರಿಗೆ ಬೆಳಗ್ಗೆ ಎದ್ದ ಕೂಡಲೇ ತಲೆ ನೋಯುತ್ತಿದ್ದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದೆಯೇ ಎಂದು ಪರೀಕ್ಷೆ ಮಾಡಿಸಬೇಕು.

ವ್ಯಾಯಾಮಕ್ಕೂ ಯೋಗಕ್ಕೂ ಗಟ್ಟಿ ಆಧಾರವಿದೆ. ಸ್ವೀಡನ್ನಿನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಮೂರು ಸಲ, ತಲಾ 40 ನಿಮಿಷ ವ್ಯಾಯಾಮ ಮಾಡಿದವರಿಗೂ ಟೊಪಿರಮೇಟ್ ಎಂಬ ತಡೆಯ ಔಷಧಿ ಸೇವಿಸಿದವರಿಗೂ ನೋವು ಇಳಿಯುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ದೆಹಲಿಯ ಏಮ್ಸ್‌ನ ವೈದ್ಯರು 2020ರಲ್ಲಿ ಪ್ರಕಟಿಸಿದ, 114 ಜನರು ಪೂರ್ಣಗೊಳಿಸಿದ ಪ್ರಯೋಗದಲ್ಲಿ ಔಷಧಿಯ ಜೊತೆಗೆ ಮೂರು ತಿಂಗಳು ಯೋಗ ಮಾಡಿದವರ ತಲೆನೋವು ತಿಂಗಳಿಗೆ ಸರಾಸರಿ 9.1 ಸಲದಿಂದ 4.7ಕ್ಕೆ ಇಳಿಯಿತು, ಔಷಧಿಯೊಂದನ್ನೇ ಸೇವಿಸಿದವರಲ್ಲಿ ಅದು 7.7ರಿಂದ 6.8ಕ್ಕೆ ಮಾತ್ರ ಇಳಿಯಿತು. ಅವರು ಮೊದಲ ತಿಂಗಳು ಶಿಕ್ಷಕರ ಎದುರು ವಾರಕ್ಕೆ ಮೂರು ದಿನ, ಆಮೇಲೆ ಮನೆಯಲ್ಲಿ ವಾರಕ್ಕೆ ಐದು ದಿನ, ದಿನಕ್ಕೊಂದು ಗಂಟೆ ಅಭ್ಯಾಸ ಮಾಡಿದ್ದರು. ಅಷ್ಟು ಸಾಧ್ಯವಿಲ್ಲದವರು ಬೆಳಗಿನ ಅರ್ಧ ಗಂಟೆಯ ಚುರುಕಾದ ನಡಿಗೆ, ಸರಳವಾದ ಕುತ್ತಿಗೆ ಭುಜಗಳ ಚಲನೆ, ನಾಡಿಶುದ್ಧಿ ಪ್ರಾಣಾಯಾಮ ಮತ್ತು ಕೊನೆಗೆ ಶವಾಸನ ಇವುಗಳಿಂದ ಆರಂಭಿಸಬಹುದು. ನೋವಿರುವ ದಿನ ವ್ಯಾಯಾಮ ಬೇಡ. ಶೀರ್ಷಾಸನ, ರಭಸದ ಕಪಾಲಭಾತಿ ಆಗ ಖಂಡಿತ ಸಲ್ಲದು.

ಪೋಷಕಾಂಶಗಳಲ್ಲಿ ಮೆಗ್ನೀಸಿಯಂ ಮತ್ತು ರೈಬೊಫ್ಲೇವಿನ್ ಎಂಬ ಬಿ2 ಜೀವಸತ್ವಕ್ಕೆ ಸ್ವಲ್ಪಮಟ್ಟಿನ ಪುರಾವೆ ಇದೆ. ಮೆಗ್ನೀಸಿಯಂ ನಮ್ಮ ಅಡುಗೆಯಲ್ಲೇ ಧಾರಾಳವಾಗಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಇರುತ್ತದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಸಣ್ಣ ಪಾಲು ಮಾತ್ರ. ಮುದ್ದೆ, ಸೊಪ್ಪಿನ ಸಾರು, ಹುಚ್ಚೆಳ್ಳಿನ ಚಟ್ನಿ, ಶೇಂಗಾ ಹಿಂಡಿ ಉಣ್ಣುವ ಮನೆಯವರು ಇದಕ್ಕಾಗಿ ಹೊರಗಿನ ಬೀಜಗಳನ್ನು ಕೊಳ್ಳಬೇಕಾಗಿಲ್ಲ. ರೈಬೊಫ್ಲೇವಿನ್ ಹಾಗಲ್ಲ, ಪ್ರಯೋಗಗಳಲ್ಲಿ ಬಳಸಿದ ದಿನಕ್ಕೆ 400 ಮಿಲಿಗ್ರಾಂ ಪ್ರಮಾಣ ಆಹಾರದಿಂದ ಸಿಗಲಾರದು, ಮಾತ್ರೆಯಾಗಿಯೇ ಕನಿಷ್ಠ ಮೂರು ತಿಂಗಳು ತೆಗೆದುಕೊಳ್ಳಬೇಕು, ಮೂತ್ರ ಗಾಢ ಹಳದಿಯಾದರೆ ಹೆದರಬಾರದು. ಮೂತ್ರಪಿಂಡದ ತೊಂದರೆಯಿರುವವರು ಮೆಗ್ನೀಸಿಯಂ ಮಾತ್ರೆಯನ್ನು, ಗರ್ಭಿಣಿಯರು ಯಾವುದೇ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು.

ಮಾಡಲೇಬಾರದ ಕೆಲವು ಕೆಲಸಗಳೂ ಇವೆ. ಕ್ಷೌರದಂಗಡಿಯಲ್ಲಿ ತಲೆ ಮಾಲೀಸಿನ ಕೊನೆಗೆ ಕುತ್ತಿಗೆಯನ್ನು ತಟಕ್ಕನೆ ತಿರುಚಿ ನೆಟಿಗೆ ತೆಗೆಸಿಕೊಳ್ಳುವುದರಿಂದ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯವಿದೆ. ಸೊಪ್ಪಿನ ರಸ, ನಿಂಬೆರಸಗಳನ್ನು ಮೂಗಿಗೋ ಕಿವಿಗೋ ಬಿಡಬಾರದು; ಮೂಗಿಗೆ ಔಷಧಿ ಬಿಡುವ ನಸ್ಯ ಚಿಕಿತ್ಸೆ ಬೇಕೆನಿಸಿದರೆ ಅರ್ಹ ಆಯುರ್ವೇದ ವೈದ್ಯರಿಂದಲೇ ಆಗಲಿ. ಹೆಸರು, ಪದಾರ್ಥ ಏನೂ ಬರೆಯದ ಪೊಟ್ಟಣದ ಪುಡಿ ‘ಒಂದೇ ದಿನದಲ್ಲಿ ಗುಣ’ ಕೊಟ್ಟರೆ ಸಂತೋಷಪಡುವ ಬದಲು ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಅನುಮಾನಿಸಬೇಕು.

ಮನೆಯಲ್ಲಿ ಕಾಯಬಾರದ ನೋವು

ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತುತ್ತತುದಿಗೇರುವ ತಲೆನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ಮೂರ್ಛೆ, ತಲೆಗೆ ಪೆಟ್ಟು ಬಿದ್ದ ನಂತರದ ನೋವು, 50 ವರ್ಷ ದಾಟಿದ ಮೇಲೆ ಮೊದಲ ಸಲ ಬಂದ ನೋವು ಇವುಗಳಲ್ಲಿ ಯಾವುದಿದ್ದರೂ ಶುಂಠಿ ಕುದಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಾಣಂತಿಯ ತಲೆನೋವನ್ನು ಪ್ರತ್ಯೇಕವಾಗಿ ಹೇಳಬೇಕು. ಹೆರಿಗೆಯ ನಂತರದ ವಾರಗಳಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ನಮ್ಮ ನಾಡಿನಲ್ಲಿ ಅಪರೂಪವಲ್ಲ, ಅದರ ಮೊದಲ ಲಕ್ಷಣ ಹೆಚ್ಚಾಗಿ ತಲೆನೋವೇ ಆಗಿರುತ್ತದೆ. ಬಾಣಂತಿಗೆ ಶೀತವಾಗುತ್ತದೆಂದು ನೀರನ್ನು ಅಳೆದು ಕೊಡುವ ಪದ್ಧತಿ ಆ ಅಪಾಯವನ್ನು ಹೆಚ್ಚಿಸುತ್ತದೆ. ಅವಳಿಗೆ ಬಾಯಾರಿದಷ್ಟೂ ನೀರು ಕೊಡಬೇಕು. ತಲೆನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಕಾಯದೆ ವೈದ್ಯರಿಗೆ ತೋರಿಸಬೇಕು. ಕಣ್ಣೆದುರು ಮಿಂಚಿನ ಗೆರೆ ಕಾಣುವ ಬಗೆಯ ಅರೆತಲೆನೋವಿರುವ ಹೆಂಗಸರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸುವುದರಿಂದ ಪಾರ್ಶ್ವವಾಯುವಿನ ಸಂಭವ ಹೆಚ್ಚುವುದರಿಂದ, ಆ ವಿಷಯವನ್ನು ಸ್ತ್ರೀರೋಗ ತಜ್ಞರಿಗೆ ತಾವಾಗಿಯೇ ತಿಳಿಸಬೇಕು.

ಅಂಥ ಲಕ್ಷಣಗಳೇನೂ ಇಲ್ಲದೆ, ಮೂರು ತಿಂಗಳ ಕ್ರಮಬದ್ಧ ಆರೈಕೆಯ ನಂತರವೂ ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನೋವು ಉಳಿದಿದ್ದರೆ ನೋವನ್ನು ತಡೆಯುವ ಔಷಧಿಯ ಬಗ್ಗೆ ವೈದ್ಯರೊಡನೆ ಮಾತಾಡುವ ಹೊತ್ತು ಬಂದಿದೆ. ಹೋಗುವಾಗ ಗೋಡೆಯ ಮೇಲಿನ ಆ ಮೂರು ತಿಂಗಳ ಹಾಳೆಗಳನ್ನು ಹರಿದು ಮಡಚಿ ಜೊತೆಗೆ ಒಯ್ಯಬೇಕು. ‘ಆಗಾಗ ಬರುತ್ತದೆ ಡಾಕ್ಟ್ರೇ’ ಎಂಬ ಮಾತಿಗಿಂತ ಅವು ಅವರಿಗೆ ಹೆಚ್ಚು ಹೇಳುತ್ತವೆ.